ಗಾಡಿ ದೊಡ್ಡಿ

ಆಕಾಶಕ್ಕೆ ಪುಡಿ ಎರಚುವ ಮೊದಲಿನ ಬೇಸಿಗೆಗಳನ್ನು ಕಂಡವರು ಈಗ ಹೆಚ್ಚು ಜನ ಉಳಿದಿಲ್ಲ. ಹಾರುತ್ತಿದ್ದ ಕಾಗೆ ಹಾರುತ್ತಲೇ ಸತ್ತು ಅಂಗಳಕ್ಕೆ ಬೀಳುತ್ತಿತ್ತು ಎಂದರೆ ಈಗಿನ ಹುಡುಗರು ನಗುತ್ತಾರೆ. ಮಲಗಿದ ಎಮ್ಮೆ ಏಳುತ್ತಿರಲಿಲ್ಲ, ಹಗಲು ಹೊತ್ತು ಬೀದಿಗೆ ಹೋದ ಮನುಷ್ಯ ಮರಳಿ ಬರುತ್ತಾನೆಂಬ ಖಾತ್ರಿ ಇರಲಿಲ್ಲ. ಕಡೆಗೆ ದೇಶದೇಶದವರೆಲ್ಲ ಒಂದಾಗಿ, ದೊಡ್ಡ ವಿಮಾನಗಳಿಂದ ಆಕಾಶದ ಮೇಲಿನ ಪದರಕ್ಕೆ ಸುಣ್ಣದಂಥ ನುಣ್ಣನೆಯ ಪುಡಿ ಎರಚಿ, ಸೂರ್ಯನ ಮುಖಕ್ಕೆ ತೆಳ್ಳನೆಯ ಪರದೆ ಕಟ್ಟಿದರು. ಬೇಸಿಗೆ ತಣ್ಣಗಾಯಿತು, ಸುಳ್ಳಲ್ಲ. ಆದರೆ ಯಾರ ಲೆಕ್ಕಕ್ಕೂ ಸಿಗದ ಒಂದು ಗಾಳಿ ಉತ್ತರದಿಂದ ತಿರುಗಿಕೊಂಡು ಬಂದು, ಪ್ರತಿ ಚಳಿಗಾಲವೂ ಬೀದರ್ ಸೀಮೆಯ ಎತ್ತರದ ಬಯಲಿನ ಮೇಲೆ ಕೂತುಬಿಟ್ಟಿತು. ಬಾನಿಯಲ್ಲಿಟ್ಟ ನೀರು ಬೆಳಗಾಗುವುದರೊಳಗೆ ಹಾಲಿನ ಕೆನೆಯಂತೆ ಪದರ ಕಟ್ಟತೊಡಗಿತು. ಕೆಂಪು ನೆಲ ಗುದ್ದಲಿಗೆ ಠಣ್ ಎನ್ನತೊಡಗಿತು. ಇನ್ನೊಂದು ಹೊಸತೆಂದರೆ ಸಂಜೆ. ಹೊತ್ತು ಮುಳುಗಿದ ಮೇಲೂ ಆ ಪುಡಿಗೆ ಬೆಳಕು ತಾಗಿ ಪಡುವಣ ದಿಕ್ಕು ಬಹಳ ಹೊತ್ತು ಕೆಂಪಗೆ ಉರಿಯುತ್ತಿತ್ತು. ಅಷ್ಟು ಉದ್ದದ ಸಂಜೆಯನ್ನು ಹಿಂದೆ ಯಾರೂ ಕಂಡಿರಲಿಲ್ಲ.

ಗಾಡಿಗಳ ಪಾಡು ಬೇರೆಯೇ. ಡೀಸೆಲ್ ನಿಂತು ಬ್ಯಾಟರಿ ಗಾಡಿಗಳು ಬಂದದ್ದು ಆ ಸುಡುವ ಬೇಸಿಗೆಗಳ ಕಾಲದಲ್ಲಿ. ಕಟ್ಟಿದವರು ಬಿಸಿಲಿಗೆ ಹೆದರಿ ಕಟ್ಟಿದ್ದರು. ಬ್ಯಾಟರಿ ಕಾಯಬಾರದೆಂದು ಅದರ ಸುತ್ತ ನೀರಿನ ನಳಿಗೆ, ಅದಕ್ಕೊಂದು ಪಂಪು, ಮೇಲೊಂದು ಫ್ಯಾನು. ಚಳಿ ಬರುತ್ತದೆಂದು ಯಾರ ಕನಸಿನಲ್ಲಿತ್ತು? ಆಮೇಲೆ ಹೀಟರು ಕೂಡಿಸಿದರು. ಕೂಡಿಸಿದ್ದು ಕೂಡಿಸಿದ್ದೇ, ಹುಟ್ಟಿನಿಂದ ಬಂದದ್ದಲ್ಲ.

ಝರೆಪ್ಪನಿಗೆ ಇದೆಲ್ಲ ಗೊತ್ತಿತ್ತು, ಆದರೆ ಮನಸ್ಸು ಒಪ್ಪಿರಲಿಲ್ಲ. ಅರ್ಧ ಆಯುಷ್ಯ ಡೀಸೆಲ್ ಜೀಪು ಹೊಡೆದ ಮನುಷ್ಯ. ಬೀದರಿನಲ್ಲಿ ಜನ ತುಂಬಿದರೆ ಪುಣೆಯಲ್ಲಿ ಕಾಲು ಚಾಚುತ್ತಿದ್ದ. ಈಗ ವಯಸ್ಸು ಎಪ್ಪತ್ತು ದಾಟಿದೆ, ಕೈಯಲ್ಲಿ ಹಳೆಯದೊಂದು ಬ್ಯಾಟರಿ ವ್ಯಾನು. ಬೀದರ್ ಪೇಟೆಯಿಂದ ಸುತ್ತಲ ಹಳ್ಳಿಗಳಿಗೆ ಜನರನ್ನು ಬಿಟ್ಟು ಬರುತ್ತಾನೆ. ಕೂತಲ್ಲಿ ಕೂಡುವವನಲ್ಲ. ಊಟಕ್ಕೆ ಕೂತರೂ ಒಂದು ಮೊಣಕಾಲು ಅಲ್ಲಾಡುತ್ತಲೇ ಇರುತ್ತದೆ. ಹೆಂಡತಿ ಚಂದ್ರಭಾಗಾ, "ಆ ಕಾಲಿಗಿ ಒಂದು ಗಾಣ ಕಟ್ರಿ, ಎಣ್ಣಿಯಾದ್ರೂ ಬಂದೀತು" ಎನ್ನುತ್ತಾಳೆ.

ಆ ದಿನ ಬೆಳಿಗ್ಗೆ ಅವನು ಚಹಾದ ಬಟ್ಟಲು ಹಿಡಿದಿದ್ದಾಗ ಫೋನು ಬಂತು. ಅಕ್ಕನ ಮಗ ರೇವಣ. ಅಕ್ಕಲಕೋಟೆಯ ಆಚೆ, ಕಾಸರವಾಡಿಯಿಂದ.

"ಮಾಮಾ, ಅವ್ವ ಹೋದ್ಲು. ಮಲಗಿದಾಕಿ ಎದ್ದಿಲ್ಲ."

ಝರೆಪ್ಪ ಬಟ್ಟಲನ್ನು ನೆಲಕ್ಕಿಟ್ಟ. ಮತ್ತೆ ಎತ್ತಿಕೊಂಡ.

"ಇವತ್ತೇ ಮಣ್ಣು ಮಾಮಾ. ಹೊತ್ತು ಮುಳುಗೂದ್ರೊಳಗ ಆಗಬೇಕು ಅಂತ ಅಯ್ಯನೋರು ಅಂದಾರ. ನೀ ಸೀರಿ ತರ್ತೀದಿ ಹೌದಲ್ಲೊ?"

ಮದುವೆಯಾಗಿ ಹೋದ ಹೆಣ್ಣುಮಗಳು ಸತ್ತರೆ ಅವಳ ಕಡೆಯ ಸೀರೆ ತವರಿನಿಂದ ಬರಬೇಕು. ಅದನ್ನು ಉಡಿಸಿಯೇ ಮಣ್ಣು ಕೊಡುವುದು. ಬಾರದಿದ್ದರೆ ಗಂಡನ ಮನೆಯವರೇ ಒಂದು ಸೀರೆ ಉಡಿಸಿ ಕಳಿಸುತ್ತಾರೆ, ಹೆಣ ಉಳಿಯುವುದಿಲ್ಲ. ಆದರೆ ನೆರೆದ ಹೆಂಗಸರು ಅವಳಿಗೆ ಹಿಂದುಮುಂದು ಯಾರೂ ಇರಲಿಲ್ಲವೆಂದು ಆಡಿಕೊಳ್ಳುತ್ತಾರೆ. ಅಕ್ಕ ಕಾಶಿಬಾಯಿಗೆ ತವರೆಂದು ಉಳಿದಿದ್ದವನು ಝರೆಪ್ಪ ಒಬ್ಬನೇ.

ಚಂದ್ರಭಾಗಾ ಟ್ರಂಕು ತೆಗೆದಳು. ಪಂಚಮಿಗೆ ಕೊಡಬೇಕೆಂದು ತಂದು, ಹೋಗಲಾಗದೆ ಉಳಿದಿದ್ದ ಬದನೆ ಬಣ್ಣದ ನೂಲಿನ ಸೀರೆ ಅದರಲ್ಲಿತ್ತು. ಅದನ್ನು ಬಿಳಿ ವಸ್ತ್ರದಲ್ಲಿ ಕಟ್ಟಿ ಕೊಟ್ಟಳು. ತಾನೂ ಬರುವೆನೆಂದಳು. ಅವಳ ಮಂಡಿಗೆ ಈ ಚಳಿಯಲ್ಲಿ ಅಷ್ಟು ದೂರ ಆಗದೆಂದು ಅವನು ಬೇಡವೆಂದ.

"ಗಾಡಿದು ಹೀಟರ್ ಹಚ್ಚಿ ಹೋಗ್ರಿ."

"ಹ್ಞೂಂ."

"ಹ್ಞೂಂ ಅಂದು ಬಂದ್ ಮಾಡ್ತೀರಿ ನೀವು."

"ಹಚ್ತೀನಂದ್ನೆಲ್ಲ."

ಗಾಡಿಯಲ್ಲಿ ಕೂತು ಗಂಟನ್ನು ಪಕ್ಕದ ಸೀಟಿನ ಮೇಲಿಟ್ಟ. ವಸ್ತ್ರದ ಮೇಲಿಂದ ಮುಟ್ಟಿದರೂ ತಣ್ಣಗಿತ್ತು. ಅಕ್ಕನದು ಅದೇ ತಕರಾರು. ಎಂಥ ಸೀರೆ ಒಯ್ದು ಕೊಟ್ಟರೂ ಮೊದಲು ಗಲ್ಲಕ್ಕೆ ಹಚ್ಚಿ ನೋಡುತ್ತಿದ್ದಳು. "ಥಂಡಿ ಅದ ನೋಡೋ ತಮ್ಮಾ. ಅಂಗಡ್ಯಾಗಿನ ಥಂಡಿ ಹಂಗೇ ಹೊತ್ಕೊಂಡು ಬಂದೀದಿ" ಎಂದು ಒಲೆಯ ಮಗ್ಗುಲಿಗೆ ಇಡುತ್ತಿದ್ದಳು. ಅವರ ತಾಯಿ ಬೇಗ ಹೋದಳು. ಆಗ ಕಾಶಿಬಾಯಿಯೇ ಇನ್ನೂ ಹುಡುಗಿ. ಮಾಗಿಯ ಬೆಳಗುಗಳಲ್ಲಿ ತಮ್ಮನ ಅಂಗಿಯನ್ನು ಒಲೆಯ ಉರಿಯ ಮೇಲೆ ಎರಡೂ ಕೈಯಲ್ಲಿ ಹಿಡಿದು, ಹಿಂದುಮುಂದು ತಿರುಗಿಸಿ, ಬಿಸಿ ಆರುವ ಮುಂಚೆ ಅವನ ತಲೆಯ ಮೇಲಿಂದ ಇಳಿಸುತ್ತಿದ್ದಳು. ಹೊಗೆಯ ವಾಸನೆಯ ಆ ಅಂಗಿ ಶಾಲೆ ಮುಟ್ಟುವ ತನಕ ಬೆಚ್ಚಗಿರುತ್ತಿತ್ತು. ಶಾಲೆ ಮೂರು ವರ್ಷಕ್ಕೇ ಮುಗಿಯಿತು, ಅಂಗಿಯ ಬಿಸಿ ಮಾತ್ರ ಮೈಯಲ್ಲಿ ಉಳಿಯಿತು.

ಬೀದರ್ ದಾಟಿದ ಕೂಡಲೇ ಝರೆಪ್ಪ ಹೀಟರ್ ಬಂದ್ ಮಾಡಿದ. ಬ್ಯಾಟರಿಯದೂ, ತನ್ನ ಕಾಲ ಕೆಳಗಿನದೂ.

ಅವನ ಲೆಕ್ಕ ಹೀಗಿತ್ತು: ದಾರಿ ಉದ್ದ. ಹೀಟರು ತಿನ್ನುವುದು ಅದೇ ಚಾರ್ಜನ್ನು, ಗಾಡಿ ಓಡುವುದೂ ಅದೇ ಚಾರ್ಜಿನಲ್ಲಿ. ಅದಕ್ಕೆ ಹಾಕುವುದನ್ನು ಗಾಲಿಗೆ ಹಾಕಿದರೆ ಇನ್ನೊಂದು ಊರು ದಾಟಬಹುದು. ಇಷ್ಟು ಸಾಲದೆಂಬಂತೆ ಇಳಿಜಾರು ಬಂದಲ್ಲೆಲ್ಲ ಗಾಡಿಯನ್ನು ನ್ಯೂಟ್ರಲ್ಲಿಗೆ ಹಾಕಿ ಸುಮ್ಮನೆ ಉರುಳಲು ಬಿಟ್ಟ. ಡೀಸೆಲ್ ಕಾಲದ ಪ್ರತಿಯೊಬ್ಬ ಡ್ರೈವರನೂ ಇಳಿಜಾರಿನಲ್ಲಿ ಇದನ್ನೇ ಮಾಡುತ್ತಿದ್ದ, ಹನಿ ಹನಿ ಉಳಿಸುತ್ತಿದ್ದ. ಬ್ಯಾಟರಿ ಗಾಡಿಯ ಗುಣ ತಿರುಗಾಮುರುಗಾ. ಇಳಿಜಾರಿನಲ್ಲಿ ಗೇರಿನಲ್ಲೇ ಹಿಡಿದು ಇಳಿಸಿದರೆ ಗಾಲಿಯ ಓಟವೇ ಮರಳಿ ಚಾರ್ಜಾಗುತ್ತದೆ, ಬ್ಯಾಟರಿಯ ಒಳಗೂ ಒಂದಿಷ್ಟು ಬಿಸಿ ಹುಟ್ಟುತ್ತದೆ. ನ್ಯೂಟ್ರಲ್ಲಿನಲ್ಲಿ ಬಿಟ್ಟರೆ ಅದೂ ಇಲ್ಲ, ಇದೂ ಇಲ್ಲ. ಯಾರೋ ಹೇಳಿದ್ದರು ಅವನಿಗೆ. ಕಿವಿಗೆ ಬಿದ್ದಿತ್ತು, ಕೈಗೆ ಇಳಿದಿರಲಿಲ್ಲ.

ಹಳ್ಳಿಖೇಡದ ಆಚೆ ಉಸಿರು ಗಾಜಿನ ಮೇಲೆ ಬೆಳ್ಳಗೆ ಹತ್ತತೊಡಗಿತು. ತಲೆಗೆ ಟವೆಲ್ ಬಿಗಿದು, ಒಂದು ಕೈ ತೊಡೆಯ ಕೆಳಗೆ, ಒಂದು ಕೈ ಸ್ಟೇರಿಂಗಿಗೆ. ಹುಮನಾಬಾದ್ ಹತ್ತಿರ ಬಂದಂತೆ, ಅಲ್ಲಿಯ ತನಕ ಗಟ್ಟಿಯಾಗಿ ನಿಂತಿದ್ದ ಚಾರ್ಜಿನ ಅಂಕಿ ಇದ್ದಕ್ಕಿದ್ದಂತೆ ಜಾರತೊಡಗಿತು. ತೂತಾದ ಚೀಲದಿಂದ ಜೋಳ ಸುರಿದ ಹಾಗೆ. ಹೆದ್ದಾರಿಯ ಚಾರ್ಜಿಂಗ್ ಅಂಗಳಕ್ಕೆ ಬಂದು ವೈರು ಚುಚ್ಚಿದ. ಕೆಂಪು ದೀಪ. ಕಿತ್ತು, ತುದಿಯನ್ನು ಅಂಗಿಗೆ ಒರೆಸಿ, ಮತ್ತೆ ಚುಚ್ಚಿದ. ಕೆಂಪು ದೀಪವೇ.

ಅಂಗಳದ ನಡುವೆ ಕಂಬಗಳ ಮೇಲೆ ಒಂದು ಗಾಜಿನ ಕೋಣೆ. ಆ ದಾರಿಯ ಗಾಡಿಗಳನ್ನೆಲ್ಲ ನೋಡಿಕೊಳ್ಳುವುದು ಅಲ್ಲಿಂದ. ಝರೆಪ್ಪ ಮೆಟ್ಟಿಲು ಹತ್ತಿ ಬಾಗಿಲು ನೂಕಿದ.

"ಮುತ್ಯಾ, ಬಾಗಲಾ ಹಾಕ್ರಿ, ಇದ್ದಷ್ಟು ಬಿಸಿ ಹೊಂಟು ಹೋಗ್ತದ" ಎಂದಳು ಒಳಗೆ ಕೂತಿದ್ದ ಹೆಣ್ಣುಮಗಳು. ಮೂವತ್ತರ ಆಚೀಚೆಯ ವಯಸ್ಸು, ತಲೆಗೆ ಉಣ್ಣೆ ಟೊಪ್ಪಿಗೆ, ಎದೆಯ ಮೇಲೆ ನೀಲಾಂಬಿಕಾ ಎಂಬ ಹೆಸರಿನ ಪಟ್ಟಿ. ಅವಳ ಎದುರಿನ ಗೋಡೆಯ ತುಂಬ ದಾರಿಯ ನಕ್ಷೆ, ಅದರಲ್ಲಿ ಒಂದೊಂದು ಗಾಡಿಗೆ ಒಂದೊಂದು ಚುಕ್ಕೆ. ಬಿಸಿ ಇದ್ದದ್ದು ಕೆಂಪು, ತಣ್ಣಗಾದದ್ದು ನೀಲಿ.

"ನಿಮ್ಮ ಮಶೀನು ನನ್ನ ಗಾಡಿಗಿ ಕರೆಂಟ್ ಕೊಡ್ಲಕ ಒಲ್ಲೆ ಅಂತದವ್ವಾ."

ಅವಳು ಒಂದು ಚುಕ್ಕೆ ತೋರಿಸಿದಳು. ಅಲ್ಲಿದ್ದ ಎಲ್ಲವುಗಳಿಗಿಂತ ನೀಲಿ. "ಮಶೀನ್ ಒಲ್ಲೆ ಅಂದಿಲ್ರಿ, ನಿಮ್ಮ ಬ್ಯಾಟರಿ ಒಲ್ಲೆ ಅಂತದ. ಹೀಟರ್ ಬಂದ್ ಮಾಡಿದ್ರೇನು?"

ಝರೆಪ್ಪ ಟವೆಲ್ ಸರಿಮಾಡಿಕೊಂಡ. "ಚಾರ್ಜ್ ಉಳೀಲಿ ಅಂತ."

"ತುಪ್ಪದ ಡಬ್ಬಿ ಹೊರಗಿಟ್ರ ಏನಾಗ್ತದ್ರಿ? ಹೆಪ್ಪುಗಟ್ತದ. ಬ್ಯಾಟರಿ ಒಳಗಿನ ರಸಾನೂ ಹಂಗೇ. ಕರೆಂಟು ಅದರಾಗ ಈಜಿ ಹಾಯಬೇಕು, ಈಗ ಕೆಸರಿನಾಗ ಕಾಲು ಕಿತ್ತಂಗ ಆಗ್ಯಾದ. ಜಬರದಸ್ತಿ ತುರುಕಿದ್ರ ಒಳಗ ಸಣ್ಣ ಮುಳ್ಳು ಬೆಳೀತಾವ. ಮುಳ್ಳು ಈ ಗ್ವಾಡಿಯಿಂದ ಆ ಗ್ವಾಡಿ ಮುಟ್ಟಿದ್ರ ಬೆಂಕಿ. ಅದಕ್ಕ ಮೊದಲ ಬಿಸಿ ಆಗಬೇಕು, ಆಮ್ಯಾಲ ಕರೆಂಟು."

"ಎಷ್ಟೊತ್ತು?"

"ಥಂಡಿ ಎಲ್ಲಾ ಒಳಗ ಇಳದದ. ಜಲ್ದಿ ಆಗಂಗಿಲ್ಲ."

"ನನ್ನ ಅಕ್ಕ ಸತ್ತಾಳವ್ವಾ. ಸೀರಿ ಒಯ್ಲಕತ್ತೀನಿ. ಹೊತ್ತು ಮುಳುಗೂದ್ರೊಳಗ ಅಕ್ಕಲಕೋಟಿ ಆಕಡೆ ಮುಟ್ಟಬೇಕು."

ನೀಲಾಂಬಿಕಾ ಕೈಯಲ್ಲಿದ್ದ ಚಹಾದ ಲೋಟ ಕೆಳಗಿಟ್ಟಳು. ಬಾಯಿ ತೆರೆದವಳು ಅಲ್ಲೇ ನಿಂತಳು, ಏಕೆಂದರೆ ಗೋಡೆಯ ಮೇಲೆ ಉತ್ತರದ ಕಡೆಯಿಂದ ಒಂದು ಬಿಳಿಯ ಗೆರೆ ದಾರಿಯ ಮೇಲೆ ಇಳಿಯುತ್ತಿತ್ತು. ಗಾಳಿ. ಅವಳು ಒಂದು ಗುಂಡಿ ಒತ್ತಿದಳು. ಅಂಗಳದಲ್ಲಿ ಸೈರನ್ ಕೂಗಿತು.

"ದೊಡ್ಡಿ ಕಟ್ಟಬೇಕು ಮುತ್ಯಾ. ಕೆಳಗ ಹೋಗ್ರಿ. ನಿಮ್ಮ ಗಾಡಿ ಎಲ್ಲಾರಕಿಂತ ಥಂಡಿ ಅದ, ನಿಮಗ ಒಳಗಿನ ಸಾಲು."

ದೊಡ್ಡಿ ಎಂಬುದು ಈ ಚಳಿಗಾಲಗಳು ಹುಟ್ಟಿಸಿದ ಏರ್ಪಾಟು. ಹೆಸರಿಟ್ಟವರು ಡ್ರೈವರರು. ಗಾಳಿ ಎದ್ದಾಗ ಅಂಗಳದಲ್ಲಿರುವ ಗಾಡಿಗಳೆಲ್ಲ ಕುರಿಗಳಂತೆ ಮೈಗೆ ಮೈ ತಾಗಿಸಿ ಸಾಲಾಗಿ ನಿಲ್ಲಬೇಕು. ಒಂದರ ಬ್ಯಾಟರಿಯ ಸುತ್ತಲಿನ ನೀರನ್ನು ಎರಡು ರಬ್ಬರ್ ಕೊಳವೆಗಳಿಂದ ಇನ್ನೊಂದಕ್ಕೆ ಕೂಡಿಸುತ್ತಾರೆ. ಬಿಸಿ ಇದ್ದ ಗಾಡಿಯ ನೀರು ತಣ್ಣಗಾದ ಗಾಡಿಯ ಹೊಟ್ಟೆ ಸುತ್ತಿ ಬರುತ್ತದೆ. ಒಂದೊಂದು ಗಾಡಿಯ ಪಂಪೂ ನೀರನ್ನು ಮುಂದಿನದಕ್ಕೆ ನೂಕಬೇಕು. ಸಾಲಿನಲ್ಲಿ ಒಂದು ಕಡಿಮೆಯಾದರೂ ನೀರು ತಿರುಗುವುದಿಲ್ಲ. ಹೊರಗಿನ ಸಾಲಿಗೆ ಗಾಳಿ ಹೊಡೆಯುತ್ತದಲ್ಲ, ಅದಕ್ಕೆ ಆಗಾಗ ಸೀಟಿ ಊದುತ್ತಾರೆ. ಆಗ ಹೊರಗಿನವು ಒಳಗೆ ಬರಬೇಕು, ಒಳಗಿನವು ಹೊರಗೆ ಹೋಗಬೇಕು. ಹೊಸ ಗಾಡಿಗಳು ತಾವೇ ಸರಿಯುತ್ತವೆ. ಝರೆಪ್ಪನ ಗಾಡಿ ಹಳೆಯದು, ಅವನ ಹೆಬ್ಬೆರಳು ತಾಗದೆ ಮಿಸುಕುವುದಿಲ್ಲ. ಆದ್ದರಿಂದ ಗಾಳಿ ಇಳಿಯುವ ತನಕ ಸಾಲಿಗೆ ಸೇರಿದವರು ಯಾರೂ ಕಳಚಿಕೊಂಡು ಹೋಗುವಂತಿಲ್ಲ, ಅಂಗಳ ಬಿಡುವಂತಿಲ್ಲ.

ಅವನ ಎಡಕ್ಕೆ ಬಂದು ನಿಂತದ್ದು ಒಂದು ಮುಚ್ಚಿದ ವ್ಯಾನು. ಒಳಗಿನಿಂದ ಸಾವಿರ ಬಾಯಿಯ ಚಿಂವ್‌ಚಿಂವ್. ಬಾಗಿಲು ತೆಗೆದು ಇಳಿದವನು ಗಡ್ಡದ ತುಂಬ ಹೊಟ್ಟು ಹತ್ತಿಸಿಕೊಂಡಿದ್ದ ಒಬ್ಬ ದಪ್ಪ ಮನುಷ್ಯ.

"ಸಲಾಂ ಕಾಕಾ. ಮೈನೋದ್ದೀನ್ ಅಂತಾರ ನನಗ. ಇವು ನನ್ನ ಮಕ್ಕಳು."

"ಕೋಳಿ ಮರಿ?"

"ನಿನ್ನೆ ಹುಟ್ಯಾವ. ಇವತ್ತು ಸತ್ರ ಮಾಲಕ ನನ್ನ ಹುರಿದು ತಿಂತಾನ." ಅವನು ಕೊಳವೆ ಕೂಡಿಸುತ್ತ ಝರೆಪ್ಪನ ಸೀಟಿನ ಮೇಲಿನ ಗಂಟನ್ನು ಕಂಡ. "ಅದೇನು, ಬುತ್ತಿ ಏನು? ಕಲ್ಲಾಗ್ಯದೇನೊ, ಈಕಡೆ ಕೊಡು. ನನ್ನ ಟ್ರೇಗೋಳ ಮ್ಯಾಲ ಇಡ್ತೀನಿ, ಅಲ್ಲಿ ಗರಂ ಅದ."

"ಬುತ್ತಿ ಅಲ್ಲ. ಸೀರಿ." ಝರೆಪ್ಪ ಹೇಳಿದ, ಯಾರ ಸೀರೆಯೆಂದೂ ಹೇಳಿದ.

ಮೈನೋದ್ದೀನ್‌ನ ಮುಖದ ನಗೆ ಆರಿತು. ಎರಡೂ ಕೈ ಚಾಚಿ ಗಂಟನ್ನು ಇಸಿದುಕೊಂಡ. ಟೊಪ್ಪಿಗೆ ತೆಗೆದು ತೊಡೆಗೆ ಬಡಿದು ಹೊಟ್ಟು ಝಾಡಿಸಿ, ಮರಿಗಳ ಟ್ರೇಗಳ ಮೇಲೆ ಬಿಸಿ ದೀಪದ ಕೆಳಗೆ ಗಂಟನ್ನು ಇಟ್ಟುಬಂದ.

ಗಾಳಿ ಬಂತು. ಹಗಲೇ, ಆದರೆ ಸೂರ್ಯ ತೊಳೆದಿಟ್ಟ ಸ್ಟೀಲಿನ ತಟ್ಟೆಯಂತೆ ಬೆಳ್ಳಗಿದ್ದ, ಬಿಸಿ ಎಂಬುದು ಅವನಿಗೆ ಸಂಬಂಧವೇ ಇಲ್ಲವೆಂಬಂತೆ. ಝರೆಪ್ಪ ಗಾಡಿಯೊಳಗೆ ಕೂತ, ಇಳಿದ, ಗಾಲಿ ಒದ್ದ, ಮತ್ತೆ ಕೂತ. ಅಂಗಳದ ಆಚೆ ಹೆದ್ದಾರಿ ಕಾಣುತ್ತಿತ್ತು, ನೇರ, ಖಾಲಿ. ಹಿಂದೆ ಇದೇ ದಾರಿಯಲ್ಲಿ ಎಷ್ಟು ಸಲ ಕಣ್ಣು ಮುಚ್ಚಿ ತೆರೆಯುವುದರಲ್ಲಿ ಉಮರ್ಗಾ ದಾಟಿರಲಿಲ್ಲ!

ರೇವಣನ ಫೋನು ಬಂತು. "ಮಾಮಾ, ಎಲ್ಲಿ ಅದೀದಿ?"

"ಹುಮನಾಬಾದ."

"ಇನ್ನೂ ಅಲ್ಲೇ?" ಹಿಂದಿನಿಂದ ಅವನ ಅಕ್ಕಂದಿರ, ನೆರೆದ ಹೆಂಗಸರ ಅಳು ಕೇಳುತ್ತಿತ್ತು. "ಕುಣಿ ತೋಡ್ಲಕ ಹತ್ತ್ಯಾರ. ನೆಲ ಕಲ್ಲಾಗ್ಯಾದ, ಅದಕ್ಕ ತಡ ಆಗ್ಲಕತ್ತದ. ನಿನ್ನ ಪುಣ್ಯ ಅದು. ಸಣ್ಣಕ್ಕ ಒಂದೇ ಸವನ ಕೇಳ್ಲಕತ್ಯಾಳ, ತವರಿನೋರು ಬರ್ತಾರೋ ಇಲ್ಲೋ, ನಾವೇ ಒಂದು ಸೀರಿ ಉಡಸೂಣೇನು ಅಂತ."

"ಬರ್ತೀನಿ ಅಂತ ಹೇಳು."

"ಬರ್ತಿ ಹೌದಲ್ಲ ಮಾಮಾ?"

"ಬರ್ತೀನಂತ ಹೇಳಿದ್ನಲ್ಲೋ!"

ಸೀಟಿ ಊದಿತು. ಗಾಡಿಗಳು ಪಗಡೆ ಕಾಯಿಗಳಂತೆ ಒಂದು ಮನೆ ಸರಿದವು. ಮತ್ತೆ ಕೊಳವೆ ಕೂಡಿಸಿದರು. ಝರೆಪ್ಪ ಅಂಕಿ ನೋಡಿದ. ಬ್ಯಾಟರಿ ಒಂದಿಷ್ಟು ಬಿಸಿಯಾಗಿತ್ತು, ಚಾರ್ಜು ಮಾತ್ರ ಇದ್ದಷ್ಟೇ. ಇದ್ದಷ್ಟರಲ್ಲಿ ಎಲ್ಲಿಯ ತನಕ ಹೋದೇನು? ರಾಜೇಶ್ವರ? ಅದರಾಚೆ? ಅಲ್ಲಿ ನಿಂತರೆ ಯಾರಾದರೂ ಕರೆದೊಯ್ದಾರು. ಇಲ್ಲಿ ಕೂತರೆ ಕೂತಂತೆಯೇ. ಅಷ್ಟು ಮನಸ್ಸಿಗೆ ಬಂದದ್ದೇ ತಡ, ಅವನು ಇಳಿದು ಬಗ್ಗಿ ಬಲಗಡೆಯ ಕೊಳವೆ ಕಿತ್ತ.

ಬಿಸಿ ನೀರು ಭರ್ರನೆ ಚಿಮ್ಮಿ ಅವನ ಮೊಣಕಾಲ ತನಕ ತೋಯಿಸಿತು. ಕಲ್ಲುಹಾಸಿನ ಮೇಲೆ ಹರಿದ ನೀರು ನೋಡನೋಡುತ್ತಲೇ ಅಂಚಿನಿಂದ ಬೆಳ್ಳಗಾಗತೊಡಗಿತು. ಸಾಲಿನ ಪಂಪುಗಳೆಲ್ಲ ಒಂದರ ಹಿಂದೊಂದು ಕೊರಗಿ ನಿಂತವು.

"ಏ ಕಾಕಾ! ತಲಿ ಕೆಟ್ಟದೇನು ನಿನಗ?" ಮೈನೋದ್ದೀನ್ ಓಡಿ ಬಂದು ಕೊಳವೆಯ ಬಾಯಿಗೆ ಅಂಗೈ ಒತ್ತಿ ಹಿಡಿದ. ಮೂರ್ನಾಲ್ಕು ಜನ ಡ್ರೈವರರು ಬಂದರು. ಒಬ್ಬ ಬೈದ, ಒಬ್ಬ ಬೈಯದೆ ಕೊಳವೆ ಹಾಕಿದ. ನೀರು ಮತ್ತೆ ತಿರುಗಲು ಬಹಳ ಹೊತ್ತು ಹಿಡಿಯಿತು. ಅಷ್ಟರಲ್ಲಿ ಮರಿಗಳ ವ್ಯಾನಿನ ಸದ್ದು ಮೊದಲು ಏರಿತು, ಆಮೇಲೆ ಇಳಿಯಿತು. ಇಳಿದ ಸದ್ದು ಏರಿದ್ದಕ್ಕಿಂತ ಕೆಟ್ಟದಾಗಿತ್ತು. ಮೈನೋದ್ದೀನ್ ಒಳಗೆ ಹೋಗಿ ನೋಡಿ, ಎರಡು ಮರಿಗಳನ್ನು ಅಂಗೈಯಲ್ಲಿ ಹಿಡಿದು ಬಂದ. ಅವು ಎದ್ದಿರಲಿಲ್ಲ. ಇನ್ನು ಏಳುವಂತೆಯೂ ಇರಲಿಲ್ಲ.

ಝರೆಪ್ಪನ ತೊಯ್ದ ಧೋತರ ಕಾಲಿಗೆ ತಗಡಿನಂತೆ ಅಂಟಿಕೊಂಡಿತ್ತು.

"ಒಂದು ಮಾತು ಕೇಳ್ಲೇನು ಕಾಕಾ? ಸಿಟ್ಟಾಗಬ್ಯಾಡ" ಎಂದ ಮೈನೋದ್ದೀನ್. "ಅಲ್ಲಿ ನೀ ಹೋಗಬೇಕಾಗ್ಯಾದೋ, ಸೀರಿ ಹೋಗಬೇಕಾಗ್ಯಾದೋ?"

"ನಾ ಇಲ್ಲದ ಸೀರಿ ಹ್ಯಾಂಗ ಹೋಗ್ತದ? ಅದಕ್ಕ ಕಾಲು ಬಂದಾವೇನು?"

"ಮೊದಲ ನಮ್ಮ ಮನ್ಯಾಗಿಂದ ಹೈದರಾಬಾದಿಗೆ ರೊಟ್ಟಿ ಗಂಟು ಹೋಗ್ತಿತ್ತಲ್ಲ, ಬಸ್ ಡ್ರೈವರ್ ಕೈಯಾಗ. ಅದಕ್ಕ ಯಾವ ಕಾಲಿದ್ವು?"

"ರೊಟ್ಟಿ ಬ್ಯಾರೆ. ಇದು ತಮ್ಮನ ಕೈಲೆ ಹೋಗಬೇಕು."

"ಹೌದು, ನಿನ್ನ ಮಾತು ಖರೆ" ಎಂದು ಅವನು ಸತ್ತ ಮರಿಗಳನ್ನು ಒಂದು ಕಾಗದದಲ್ಲಿ ಸುತ್ತಿದ. ವಾದ ಮುಂದುವರಿಸಲಿಲ್ಲ.

ಝರೆಪ್ಪ ಎದುರು ನಿಂತೇ ಇದ್ದ. ಆಮೇಲೆ ಗಾಜಿನ ಕೋಣೆಯ ಮೆಟ್ಟಿಲು ಹತ್ತಿದ. ಈ ಸಲ ಬಾಗಿಲು ತಾನೇ ಹಾಕಿದ.

ನೀಲಾಂಬಿಕಾಳ ಸಿಟ್ಟು ಇಳಿದಿರಲಿಲ್ಲ. "ಕೊಳವಿ ಕಿತ್ತವರು ನೀವೇ ಏನು? ಇಲ್ಲಿ ಅರ್ಧ ಸಾಲು ನೀಲಿ ಆಯ್ತು, ನನ್ನ ಎದಿ ನಿಂತಿತ್ತು."

"ತಪ್ಪಾತವ್ವಾ." ಅವನು ಗೋಡೆಯ ಕಡೆ ಕೈಮಾಡಿದ. "ಗಂಟು ಒಂದೇ ಹೋಗೂದಾದ್ರ ಹೋಗ್ತದೇನು?"

ಅವಳು ಅವನನ್ನು ನೋಡಿದಳು, ಗೋಡೆಯನ್ನು ನೋಡಿದಳು. ಈ ಗಾಳಿಯಲ್ಲಿ ಯಾವ ಗಾಡಿಯೂ ಉದ್ದ ಹೋಗುವಂತಿರಲಿಲ್ಲ. ಆದರೆ ಸಾಲಿಗೆ ಸೇರದೆ, ಆಗಷ್ಟೇ ಚಾರ್ಜು ತಿಂದು ಬಿಸಿಯಾದ ಗಾಡಿ, ಆ ಬಿಸಿ ಆರುವುದರೊಳಗೆ, ಮುಂದಿನ ಊರಿನ ತನಕ ಹೋಗಬಹುದೆಂದು ನೇಮದಲ್ಲಿತ್ತು. ಅಲ್ಲಿ ಇನ್ನೊಂದು ಬಿಸಿ ಗಾಡಿ ಇದ್ದರೆ, ಅದರ ಮುಂದಿನ ಊರಿಗೆ ಅದು.

"ಹಾಲಿನ ಗಾಡಿ ಒಂದು ಈಗ ಹೊಂಡ್ಲಕತ್ತದ, ರಾಜೇಶ್ವರಕ್ಕ" ಎಂದಳು. "ಆ ಮುಂದ ಒಂದು ಶಾಲಿ ಬಸ್ಸು. ಉಮರ್ಗಾ ಕಡೆಯವ್ರು ನಮ್ಮ ಮಾತು ಕೇಳಂಗಿಲ್ಲ, ಬ್ಯಾರೆ ಕೋಣೆ. ಕೇಳಿ ನೋಡ್ತೀನಿ. ಮುತ್ಯಾ, ಖಾತ್ರಿ ಏನೂ ಇಲ್ಲ ಮತ್ತ."

ಅವನು ರೇವಣನ ಊರು, ಇಬ್ಬರ ಫೋನ್ ನಂಬರು ಬರೆಸಿ ಕೆಳಗಿಳಿದ.

ಹಾಲಿನ ಗಾಡಿ ಅಂಗಳದ ಬಾಯಿಯಲ್ಲಿ ನಿಂತಿತ್ತು, ಬಾನೆಟ್ಟಿನ ಮೇಲಿಂದ ಸಣ್ಣಗೆ ಹಬೆ ಏಳುತ್ತಿತ್ತು. ಝರೆಪ್ಪ ಮೈನೋದ್ದೀನ್‌ನ ಹತ್ತಿರ ಗಂಟು ಇಸಿದುಕೊಂಡು ನಡೆದ. ಡ್ರೈವರನ ಪಕ್ಕದ ಸೀಟು ಖಾಲಿಯಿತ್ತು. ಝರೆಪ್ಪ ಬಾಗಿಲು ತೆಗೆದ, ಒಂದು ಕಾಲು ಒಳಗಿಟ್ಟ. ಕೂತೂಬಿಟ್ಟ.

"ನೀವೂ ಬರ್ತೀರೇನು?" ಎಂದ ಹಾಲಿನವನು. "ಬರ್ರಿ. ಜಾಗ ಅದ."

ಗಂಟು ತೊಡೆಯ ಮೇಲಿತ್ತು, ಬಿಸಿಯಾಗಿ, ಈಗ ತಾನೆ ಒಲೆಯಿಂದ ಇಳಿಸಿದ ಹಾಗೆ. ಗಾಡಿಯ ಒಳಗೂ ಬಿಸಿ. ಹೋದರೆ ಆಯಿತು. ಇಲ್ಲಿ ಸೀಟಿ ಊದಿದಾಗ ಅವನ ವ್ಯಾನು ನಿಂತಲ್ಲೇ ನಿಲ್ಲುತ್ತದೆ, ಆ ಸಾಲು ಕಲ್ಲಾಗುತ್ತದೆ, ಅಷ್ಟೇ. ಯಾರೂ ಸಾಯುವುದಿಲ್ಲ, ಮರಿಗಳ ಹೊರತು. ಕೋಳಿ ಮರಿ ಇವತ್ತಲ್ಲ ನಾಳೆ ಸಾಯುವುದೇ. ಅವನಿಗೆ ಇದ್ದವಳು ಒಬ್ಬಳೇ ಅಕ್ಕ. ಅವನು ಕನ್ನಡಿಯಲ್ಲಿ ನೋಡಿದ. ಮೈನೋದ್ದೀನ್ ತನ್ನ ವ್ಯಾನಿನ ಹತ್ತಿರ ನಿಂತಿದ್ದ. ಕರೆಯಲಿಲ್ಲ, ಕೈ ಬೀಸಲೂ ಇಲ್ಲ. ಗಾಳಿಗೆ ಬೆನ್ನು ಕೊಟ್ಟು, ತನ್ನ ಕಂಬಳಿ ಬಿಚ್ಚಿ, ಮರಿಗಳ ಬಾಗಿಲಿನ ಸಂದಿಗೆ ತುರುಕುತ್ತಿದ್ದ. ಇನ್ನು ಅವನ ಮೈಮೇಲೆ ಅಂಗಿಯೊಂದೇ.

ಝರೆಪ್ಪನ ಮೊಣಕಾಲು ಅಲ್ಲಾಡುವುದು ನಿಂತಿತು. ಅವನು ಇಳಿದ. ಗಂಟನ್ನು ಸೀಟಿನ ಮೇಲಿಟ್ಟ, ಮತ್ತೆ ಎತ್ತಿದ, ಕಡೆಗೆ ಹಾಲಿನವನ ಕೈಗೇ ಕೊಟ್ಟ.

"ನೆಲಕ್ಕ ಇಡಬ್ಯಾಡ" ಎಂದ. "ಥಂಡಿ ಹತ್ತಗೊಡಬ್ಯಾಡ. ಮುಂದಿನವ್ರಿಗೂ ಇಷ್ಟೇ ಹೇಳು."

"ಆಯ್ತ್ರಿ."

ಹಾಲಿನವನು ಸ್ವೆಟರಿನ ಗುಂಡಿ ಬಿಚ್ಚಿ, ಗಂಟನ್ನು ಹೊಟ್ಟೆಗೆ ಒತ್ತಿ, ಗುಂಡಿ ಹಾಕಿಕೊಂಡ. ಬಸುರಿಯಂತೆ ಕಂಡ. ಬೇರೆ ದಿನವಾಗಿದ್ದರೆ ಝರೆಪ್ಪ ನಗುತ್ತಿದ್ದ.

ಆಮೇಲಿನ ಹೊತ್ತು ಹೇಗೆ ಹೋಯಿತೆಂದರೆ, ಹೋಗಲೇ ಇಲ್ಲ. ಮೈನೋದ್ದೀನ್ ಅವನ ಕೈ ಎಳೆದು ಮರಿಗಳ ಟ್ರೇಯ ಮೇಲಿಟ್ಟ. ಅಂಗೈಯ ಕೆಳಗೆ ನೂರು ಸಣ್ಣ ಎದೆಗಳು ಬಡಿಯುತ್ತಿದ್ದವು. ಸೀಟಿ ಊದಿದಾಗಲೆಲ್ಲ ಹೋಗಿ ಗಾಡಿ ಸರಿಸಿ ಬಂದ.

ಫೋನಿನಲ್ಲಿ ಮೊದಲು ಬಂದದ್ದು ಶಾಲೆ ಬಸ್ಸಿನ ಒಬ್ಬ ಮಾಸ್ತರಮ್ಮನ ದನಿ. "ಸೀರಿ ನನ್ನ ಹತ್ರ ಅದರಿ. ಹುಡುಗ್ರು ತೊಡಿ ಮ್ಯಾಲ ಇಟ್ಕೊಂಡು ಕೂತಾರ, ಸರದಿ ಹಚ್ಚಿ. ಥಂಡಿ ಹತ್ತಗೊಡಬ್ಯಾಡ ಅಂದೀರಂತಲ್ಲ."

ಎರಡನೆಯದು ಮರಾಠಿಯಲ್ಲಿ, ಉಳ್ಳಾಗಡ್ಡಿ ಸಾಗಿಸುವ ಒಬ್ಬ ಮುದುಕ. ತನ್ನ ಮಫ್ಲರಿನಲ್ಲಿ ಸುತ್ತಿ ಹೀಟರಿನ ಬಾಯಿಗೆ ಇಟ್ಟಿದ್ದೇನೆ, ವಾಸನೆ ಹತ್ತಿದರೆ ಕ್ಷಮೆ ಇರಲಿ ಎಂದ. ಝರೆಪ್ಪ ಬಂದಷ್ಟು ಮರಾಠಿಯಲ್ಲಿ ನಿಮ್ಮ ಅಕ್ಕ ಇದ್ದಾಳೇನು ಎಂದು ಕೇಳಿದ. ಯಾಕೆ ಕೇಳಿದನೋ ಅವನಿಗೇ ಗೊತ್ತಾಗಲಿಲ್ಲ. ಇದ್ದಾಳೆ, ಲಾತೂರಿನಲ್ಲಿ, ಎಂದ ಆ ಮುದುಕ.

ಆಮೇಲೆ ಫೋನು ನಿಂತಿತು.

ಬಿಳಿ ತಟ್ಟೆ ದಿಗಂತಕ್ಕೆ ಇಳಿಯಿತು. ಅಂಚು ತಾಗಿತು. ಅರ್ಧವಾಯಿತು. ಝರೆಪ್ಪ ಅಂಗಳದ ಬೇಲಿಯ ಹತ್ತಿರ ಹೋಗಿ ನಿಂತ. ಮೇಲಿನಿಂದ ನೀಲಾಂಬಿಕಾ ಗಾಜು ಸರಿಸಿ, "ಮುತ್ಯಾ, ನಳದುರ್ಗ ದಾಟ್ಯಾದ. ಆಮ್ಯಾಲ ನನ್ನ ಗ್ವಾಡಿ ಮ್ಯಾಲ ಕಾಣ್ಲಕತ್ತಿಲ್ಲ" ಎಂದು ಕೂಗಿದಳು. ಹೊತ್ತು ಮುಳುಗಿತು.

ಅವನು ಬೇಲಿಯ ತಂತಿ ಹಿಡಿದುಕೊಂಡ. ಕೈಗೆ ತಂತಿ ಅಂಟಿಕೊಳ್ಳುವಷ್ಟು ಚಳಿ. ಈಗ ಕಾಸರವಾಡಿಯಲ್ಲಿ ಯಾವುದೋ ಸೀರೆ ಉಡಿಸಿ ಎತ್ತಿರುತ್ತಾರೆ.

ಪಡುವಣ ಮಾತ್ರ ಕಪ್ಪಾಗಲಿಲ್ಲ. ಮೊದಲು ಅರಿಶಿನ, ಆಮೇಲೆ ಕೆಂಪು, ಆಕಾಶದ ಪುಡಿಗೆ ಹತ್ತಿದ ಬೆಳಕು ಆರದೆ ಉರಿಯುತ್ತ ಕೂತಿತು. ಇಡೀ ಬಯಲು, ಗಾಡಿಗಳ ಬೆನ್ನು, ಮೈನೋದ್ದೀನ್‌ನ ಗಡ್ಡ, ಎಲ್ಲವೂ ಕುಂಕುಮವಾಯಿತು. ಅಷ್ಟರಲ್ಲಿ ಫೋನು ಬಂತು.

"ಮಾಮಾ!" ರೇವಣ ಓಡುತ್ತಿದ್ದನೋ ಏನೋ, ಏದುತ್ತಿದ್ದ. "ಸೀರಿ ಬಂತು! ಒಬ್ಬಾಕಿ ನರ್ಸು, ಸ್ಕೂಟರ್ ಮ್ಯಾಲ. ಯಾರಂತ ನಮಗ ಗೊತ್ತಿಲ್ಲ. ಕೊಟ್ಟು, ಕೈ ಮುಗದು, ಹೋದ್ಲು."

"ಮಣ್ಣು ಆಗಿಲ್ಲೇನೊ?"

"ಹ್ಯಾಂಗ ಆಗ್ತದ? ಆಕಾಶದಾಗ ಬೆಳಕು ಇರೂತನ ಹೊತ್ತು ಮುಳುಗಿಲ್ಲ ಅಂತ ಅಯ್ಯನೋರು ಕೂತುಬಿಟ್ರು. ಈಗ ಉಡಸ್ಲಕತ್ಯಾರ. ಮಾಮಾ, ಸಣ್ಣಕ್ಕ ಗಲ್ಲಕ್ಕ ಹಚ್ಚಿ ನೋಡಿ ಅಳ್ಲಕತ್ಯಾಳ. ಸೀರಿ ಬೆಚ್ಚಗ ಅದ. ಇಷ್ಟು ಥಂಡ್ಯಾಗ, ಇಷ್ಟು ದೂರ, ಹ್ಯಾಂಗ ಬೆಚ್ಚಗ ಅದ ಮಾಮಾ?"

ಝರೆಪ್ಪ ಬೇಲಿಯ ತಂತಿ ಬಿಟ್ಟ.

"ಇನ್ನೊಂದು. ಮಡಿಕ್ಯಾಗ ಹಳದೀದು ಏನೋ ಸಿಕ್ಕಾದ. ಹತ್ತಿ ಹಂಗ, ಮೆತ್ತಗ. ಝಾಡಸ್ಲಿ ಏನು?"

ಝರೆಪ್ಪ ತಿರುಗಿ ನೋಡಿದ. ಮೈನೋದ್ದೀನ್ ವ್ಯಾನಿನ ಬಾಗಿಲು ಒಂದಿಷ್ಟು ತೆಗೆದು ಮರಿಗಳಿಗೆ ನೀರಿಡುತ್ತಿದ್ದ. ಒಳಗಿನ ಬಿಸಿ ದೀಪದಲ್ಲಿ ನೂರಾರು ಹಳದಿ ತಲೆಗಳು ಒಂದರ ಮೇಲೊಂದು ಏರುತ್ತಿದ್ದವು.

"ಬ್ಯಾಡ" ಎಂದ. "ಹಂಗೇ ಇರ್ಲಿ. ಅಕ್ಕನ ಸಂಗಾಟ ಹೋಗ್ಲಿ."

ಸೀಟಿ ಊದಿತು. ಝರೆಪ್ಪ ಕಣ್ಣೊರೆಸಿಕೊಂಡು ಗಾಡಿಯ ಹತ್ತಿರ ಬಂದ. ಅವನ ಬ್ಯಾಟರಿ ಈಗ ಕರೆಂಟು ಒಪ್ಪುತ್ತದೆಂದು ಚಾರ್ಜಿನ ಕಂಬದ ಮೇಲೆ ಹಸಿರು ದೀಪ ಹತ್ತಿತ್ತು, ಯಾವಾಗಲೋ. ಅವನು ಅದರ ಕಡೆ ನೋಡಲಿಲ್ಲ. ಹೀಟರ್ ಹಚ್ಚಿ, ಹೆಬ್ಬೆರಳೊತ್ತಿ, ಗಾಡಿಯನ್ನು ಹೊರಗಿನ ಸಾಲಿಗೆ ತಂದು, ಮರಿಗಳ ವ್ಯಾನಿಗೆ ಗಾಳಿ ತಾಗದಂತೆ ಅಡ್ಡವಾಗಿ ನಿಲ್ಲಿಸಿದ.